ಕತ್ತರಿ ಕಾಣದ ಅಂಗಿ

ನಮ್ಮ ಬೇಟೆಮನೆಯ ಗೋಡೆ ತುಂಬ ಅಂಗಿಯ ಚೂರುಗಳು. ಜಿಂಕೆಗೆ ಇಟ್ಟ ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿ ಕತ್ತರಿಸಿ, ಹೆಸರು ಬರೆದು, ಮೊಳೆ ಹೊಡೆಯುವುದು ಮಿಶಿಗನ್ನಿನ ಈ ಉತ್ತರದ ಕಾಡಿನಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು. ಅಪ್ಪನ ಚೂರಿದೆ, ನನ್ನದೂ ಇದೆ. ಉರ್ಹೋ ದೊಡ್ಡಪ್ಪನದು ಮಾತ್ರ ಒಂದೂ ಇಲ್ಲ. ಅವನ ಗುರಿ ತಪ್ಪುವುದೇ ಇಲ್ಲ, ತಪ್ಪುವುದೆಲ್ಲ ಗುಂಡು.

ಆ ಸಂಜೆ ಹಿಮ ಕೊಡವಿಕೊಂಡು ಒಳಗೆ ಬಂದವನೇ ಕೋವಿ ಮೂಲೆಗಿಟ್ಟು ನನ್ನ ಮೇಲೆ ಹರಿಹಾಯ್ದ.

"ಏನೋ ತುಂಬಿದ್ದೆ ತೋಟಾದಲ್ಲಿ? ಮದ್ದೋ, ನಿಮ್ಮಮ್ಮನ ರೊಟ್ಟಿ ಹಿಟ್ಟೋ? ಜೌಗಿನ ಅಂಚಲ್ಲಿ ಅಡ್ಡಡ್ಡ ನಿಂತಿತ್ತು ಕಣೋ, ಇಷ್ಟುದ್ದ ಕೊಂಬು. ಹೊಡೆದೆ. ಕಣ್ಣೆದುರೇ ಕುಸೀತು. ಆಮೇಲೆ ಇಲ್ಲ."

"ಹೋಗಿ ನೋಡಿದ್ಯಾ?"

"ನಿನ್ನ ಪುಸ್ಕಾ ಗುಂಡಿಗೆ ನಾನ್ಯಾಕೆ ಮೊಣಕಾಲುದ್ದ ಹಿಮ ತುಳೀಲಿ?"

ಎಲ್ಲರ ತೋಟಾ ತುಂಬುವವನು ನಾನೇ. ಸ್ಕೂಲು ಬಿಟ್ಟು ಮರದ ಮಿಲ್ಲು ಸೇರಿದ ನನಗೆ ಹೆಮ್ಮೆ ಅಂತಿರುವುದು ಇದೊಂದೇ. ಮದ್ದನ್ನು ಚಿನ್ನದ ಹಾಗೆ ತೂಗುತ್ತೇನೆ. ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕಿಟಕಿಯಿಂದ ತಿರುಗಿ, "ಐಲಿ ಇನ್ನೂ ಬಂದಿಲ್ವಲ್ಲ," ಅಂದ.

ಬೆಳಿಗ್ಗೆ ಗುಡ್ಡದ ಮೇಲಿದ್ದ ನನ್ನಕ್ಕ ಐಲಿ ಮಧ್ಯಾಹ್ನ ಜಾಗ ಬದಲಿಸಿದ್ದು ನನಗೊಬ್ಬನಿಗೇ ಗೊತ್ತಿತ್ತು. ಅವಳು ಹೋದದ್ದು ಜೌಗಿನ ಅಂಚಿಗೆ.

ಟಾರ್ಚು ಕಿತ್ತುಕೊಂಡು ಓಡಿದೆ. ದೊಡ್ಡಪ್ಪ ಹೇಳಿದ ಜಾಗದಲ್ಲಿ ಗೊರಸಿನ ಗುರುತಿರಲಿಲ್ಲ, ಒಂದು ಕೂದಲೂ ಉದುರಿರಲಿಲ್ಲ. ಇದ್ದದ್ದು ಅಕ್ಕನ ಬೂಟಿನ ಗುರುತು, ಅದರ ಪಕ್ಕ ಹಿಮದ ಮೇಲೆ ಕಪ್ಪಗೆ ಹರಡಿದ ಕಲೆ. ಕುಕ್ಕರುಗಾಲಲ್ಲಿ ಕೂತೆ. ಬೆರಳದ್ದಿ ಮೂಸಿದೆ.

ಕಾಫಿ.

"ಅಕ್ಕಾ..."

"ಟಾರ್ಚು ಆರಿಸೋ," ಬಿದ್ದ ಮರದ ಹಿಂದಿನಿಂದ ಪಿಸುಮಾತು ಬಂತು. "ಮತ್ತೆ ಹೊಡೀತಾನೆ."

ಬೋರಲು ಮಲಗಿದ್ದಳು. ಹಲ್ಲು ಕಟಕಟ ಅನ್ನುತ್ತಿತ್ತು. ಅವಳು ಮೊದಲು ಒರಗಿ ಕೂತಿದ್ದ ಪಕ್ಕದ ಮರದಲ್ಲಿ, ತಲೆಯಿದ್ದ ಜಾಗದಿಂದ ಗೇಣು ಮೇಲೆ, ಗುಂಡು ಹೊಕ್ಕ ತೂತು.

"ಕೂಗಬಾರದಿತ್ತಾ?"

"ಕೂಗಿದ ಕಡೆಗೇ ಹೊಡೆದ್ರೆ?"

ಅವಳನ್ನು ಕರೆತಂದು ಬೇಟೆಮನೆಯಲ್ಲಿ ನಾನು ಎಲ್ಲ ಹೇಳಿದೆ. ಅಪ್ಪ ತನ್ನಣ್ಣನ ಮುಖ ನೋಡಿದ, ಆಮೇಲೆ ಒಲೆ ನೋಡಿದ.

"ಮದ್ದು ತೇವ ಆಗಿರಬೇಕು, ಅರ್ವೋ. ಗುಂಡು ದಾರಿ ತಪ್ಪಿರ್ತದೆ," ಅಂತ ನನಗಂದ.

"ದಾರಿ ತಪ್ಪಿಲ್ಲಪ್ಪ. ದೊಡ್ಡಪ್ಪ ನೋಡಿದ ಕಡೆಗೇ ಹೋಗಿದೆ. ಯಾರೂ ಹೊಡೀಬಾರದು ಅಂತ ಹಾಕ್ಕೊಳ್ಳೋ ಕಿತ್ತಳೆ ಜಾಕೆಟ್ಟಿನ ಮೇಲೆ ಇವನಿಗೆ ಕೊಂಬು ಕಂಡಿದೆ."

"ನಾಳೆ ಅಂಗಡಿ ತೋಟಾನೇ ತರ್ತೀನಿ. ಇವನ ಸಹವಾಸ ಸಾಕು," ಅಂದ ದೊಡ್ಡಪ್ಪ ಅಂಗಿಯ ತುದಿಯನ್ನು ಪ್ಯಾಂಟಿನೊಳಗೆ ಒತ್ತಿಕೊಂಡ.

ನಾಳೆ. ಕಾಡಿನಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆ ನನಗಾದದ್ದು ಈ ಮಾತಿಗೆ. ಅಂಗಡಿಯ ಗುಂಡೂ ನೆಟ್ಟಗೇ ಹೋಗುತ್ತದೆ.

ಮೂಲೆಯ ಕೋವಿ ಎತ್ತಿ ಗುಂಡು ಸಿಡಿಸುವ ಬೋಲ್ಟನ್ನು ಹೊರಗೆಳೆದು ಮುಷ್ಟಿಯಲ್ಲಿ ಹಿಡಿದೆ. ಬೋಲ್ಟಿಲ್ಲದ ಕೋವಿ ಬರೀ ದೊಣ್ಣೆ.

"ಕೊಡೋ ಇಲ್ಲಿ, ಕತ್ತೆ."

"ತಗೋ," ಅಂತ ಕೈ ಚಾಚಿದೆ.

ಅವನ ಕೈ ನನ್ನ ಮುಷ್ಟಿಯ ಪಕ್ಕದ ಗಾಳಿಯನ್ನು ಹಿಡಿಯಿತು. ಮತ್ತೊಮ್ಮೆ ಚಾಚಿದ. ಮತ್ತೂ ಗಾಳಿ. ಅಪ್ಪ ಅದನ್ನು ನೋಡಿದ. ಮದ್ದು ತೇವ ಆದ ಮಾತು ಮತ್ತೆ ಎತ್ತಲಿಲ್ಲ.

ಐಲಿ ಎದ್ದು ಮೊಳೆಗೆ ತೂಗುಹಾಕಿದ್ದ ಕತ್ತರಿ ತೆಗೆದುಕೊಂಡಳು.

"ತಿರುಗಿ ನಿಂತ್ಕೋ, ದೊಡ್ಡಪ್ಪ," ಅಂದಳು.