ಬಂದೂಕಿನ ಮುಂದ ಮಾಡಿದ ದಾನ

ಆ ದೇಶದ ಹೆಸರು ನನ್ನ ಬಾಯಾಗ ಬರೂದೂ ಬ್ಯಾಡ್ರಿ. ಅಲ್ಲಿ ಮಂದಿ ತಮ್ಮತಮ್ಮೊಳಗ ಬಡಿದಾಡಿ ಸತ್ರು, ಇಲ್ಲಿ ಮೂಡಲಗ್ಯಾಗ ನಾನು, ಈ ಸುಂದರಾಬಾಯಿ, ಭಾವನ ಮನ್ಯಾಗ ಬಿದ್ದು ನೆಗೆಣ್ಣಿ ಬಾಯಿಲೆ ಮಾತು ಅನಿಸಿಕೊಂಡೆ. ನಮ್ಮನಿಯವ್ರು ಅಲ್ಲಿ ಕಿರಾಣಿ ಅಂಗಡಿ ಹಾಕಿದ್ರು. ಹುಕ್ಕೇರ್ಯಾಗ ನಮ್ಮಪ್ಪ ಮದಿವಿಗೆ ನನಗ ಹಾಕಿದ್ದ ಬಂಗಾರ ಮಾರಿದ ರೊಕ್ಕ ಅದು. ಕಾಳಗ ಹತ್ತಿದಾಗ ಅಲ್ಲಿಯ ಸೈನಿಕರು ಅಂಗಡಿ ಬಳಕೊಂಡು ಒಯ್ದ್ರು, ಇವ್ರು ಉಟ್ಟ ಬಟ್ಟಿ ಮ್ಯಾಲ ಮನಿಗೆ ಬಂದ್ರು.

ತೊಂಬತ್ತೆಂಟರಾಗ ಸುದ್ದಿ ಬಂತು. ಅಲ್ಲಿ ಗೆದ್ದ ಸರಕಾರ ಲೂಟಿಯಾದವರಿಗೆ ಪರಿಹಾರ ಕೊಡತೈತಂತ. ಹಟ ಹಿಡಿದು ನಾನ ಅರ್ಜಿ ಹಾಕಿಸಿದೆ. ಗೋಕಾಕ ಕಚೇರ್ಯಾಗ ಇವ್ರು ಸಾಹೇಬ್ರ ಮುಂದ ಲೂಟಿಯಾಗೈತಿ ಅಂತ ಆಣಿ ಮಾಡಿ ಹೇಳಿದ್ರ ಮುಗೀತು. ರೊಕ್ಕ ಬಂದ್ರ ಮೂಡಲಗ್ಯಾಗ ಒಂದು ಅಂಗಡಿ, ಹಿಂದ ಖೋಲಿ, ನನ್ನ ಸ್ವಂತ ಒಲಿ. ಇವ್ರ ಜೋಡಿ ಬಸ್ಸಿನ್ಯಾಗ ಅದನ್ನ ನೆನಸಕೋತ ಹೋದೆ.

ಸಾಹೇಬ್ರು ಛಲೋ ಮನಷ್ಯಾ. "ಪಾರ್ಶ್ವನಾಥ ಅವರ, ಸೈನಿಕರು ಜುಲುಮಿಲೆ ಒಯ್ದ್ರು, ಹೌದಿಲ್ರಿ?" ಅಂತ ನಮ್ಮನಿಯವ್ರನ್ನ ಕೇಳಿದ್ರು.

ಹೌದು ಅಂದ್ರ ಇವ್ರ ಗಂಟೇನು ಹೋಗತಿತ್ತು? "ಬಂದೂಕ ಹಿಡಕೊಂಡ ಬಂದಿದ್ರು, ಖರೆ. ಆದ್ರ ನಾನು 'ದಾನ ಕೊಟ್ಟೇನಿ, ಒಯ್ಯಿರಿ' ಅಂದೆ. ಕಳವಿನ ಪಾಪ ಅವ್ರಿಗೆ ಹತ್ತಬಾರದಲ್ರಿ" ಅಂದ್ರು ಇವ್ರು.

"ಅದಿರಲಿ ಬಿಡ್ರಿ. ಲೂಟಿ ಅಂತ ಬರಕೊಳ್ಳಲೇನು?"

"ಬ್ಯಾಡ್ರಿ. ಸುಳ್ಳು ಹೇಳೂದಿಲ್ಲಂತ ಬಸದ್ಯಾಗ ವ್ರತಾ ತಗೊಂಡೇನಿ."

ಸಾಹೇಬ್ರು ಪೆನ್ನು ಕೆಳಗಿಟ್ರು. "ದಾನಕ್ಕ ಯಾವ ಸರಕಾರಾನೂ ಪರಿಹಾರ ಕೊಡೂದಿಲ್ರಿ."

ನನ್ನ ಮೈಯೆಲ್ಲಾ ಉರೀತು. ಹಂಗ ಎದ್ದು ನಿಂತೆ. "ಸಾಹೇಬ್ರ, ನನ್ನ ಮಾತೂ ಬರಕೋರಿ! ಅದು ನನ್ನ ಬಂಗಾರ. ದಾನಾ ಮಾಡಾಕ ಇವ್ರು ಯಾರ್ರಿ? ನನ್ನ ಲೂಟಿ ಮಾಡಿದವ್ರು ಸೈನಿಕರಲ್ಲ, ಇವ್ರು!"

"ಗಂಡನ ಮ್ಯಾಲ ಅರ್ಜಿ ತಗೊಳ್ಳೂ ಸರಕಾರ ಇಲ್ಲಿಲ್ಲ ಬಾಯಾರ" ಅಂದು ಸಾಹೇಬ್ರು ಕಾಗದ ಕಟ್ಟಿಟ್ರು.

ಬಸ್ ಸ್ಟ್ಯಾಂಡಿನ್ಯಾಗ ಇವ್ರ ಮಾರಿ ಕಪ್ಪಿಟ್ಟಿತ್ತು. ಸಣ್ಣ ದನಿಲೆ ಬಾಯಿ ಬಿಟ್ರು.

"ನೀ ಅಂದದ್ದು ಖರೆ ಐತಿ, ಸುಂದರಾ. ನಿನ್ನ ಕೇಳಲಿಲ್ಲ ನಾನು. ಈಗರ ಒಮ್ಮೆ ದಾನ ಕೊಟ್ಟೇನಿ ಅನ್ನು. ಇಲ್ಲಾಂದ್ರ ಕಳವಿನ ಪಾಪ ನನಗ ಹತ್ತತೈತಿ."

"ಹತ್ತಲಿ" ಅಂದೆ. ಮೂಡಲಗಿ ಬಸ್ಸು ಬರೂತನಕ ಇವ್ರ ಕಡೆ ಹೊಳ್ಳಿ ನೋಡಲಿಲ್ಲ.