ಖಾರ್ವಿ ಹೆಸರಿನ ನಂಗು

ಗಂಗೊಳ್ಳಿ ಬಂದರಿನಲ್ಲಿ ಮೂವತ್ತು ವರ್ಷದಿಂದ ಮೀನನ್ನು ಜಾತಿವಾರು ಹೆಕ್ಕಿ, ಕೊಯ್ದು ಕೊಡುವ ಜಲಜ ಖಾರ್ವಿಯ ಮಾತನ್ನು ಆವತ್ತಿನವರೆಗೆ ಯಾರೂ ತಳ್ಳಿಹಾಕಿದ್ದಿಲ್ಲ. ಮೀನಿನ ಮೇಲೆ ಸಂಶೋಧನೆ ಮಾಡುವ ಅಮಿತಾ ಮಾತ್ರ, ನಾಲಗೆಯಂತೆ ಚಪ್ಪಟೆಯಾದ ಎರಡು ನಂಗು ಮೀನುಗಳನ್ನು ಒಂದೇ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿಬಿಟ್ಟಳು.

"ಹ್ವಾಯ್ ಮೇಡಂ, ಅದೆರ್ಡೂ ಒಂದೇ ಜಾತಿ ಅಲ್ಲ," ಎಂದಳು ಜಲಜ.

"ಪುಸ್ತಕದಲ್ಲಿ ಒಂದೇ ಅಂತಿದೆ, ಜಲಜಕ್ಕ."

"ಪುಸ್ತಕ ಬರ್ದವ್ರ್ ನಂಗಿನ್ ಚರ್ಮ ತೆಗ್ದಿದ್ರಾ?"

ನಂಗಿನ ಸಾರು ಮಾಡುವವರಿಗೆಲ್ಲ ಗೊತ್ತು, ತಲೆಯ ಹತ್ತಿರ ಕತ್ತಿಯಿಂದ ಚರ್ಮ ಬಿಡಿಸಿ ಎಳೆದರೆ ಅಂಗಿ ಕಳಚಿದ ಹಾಗೆ ಬಾಲದವರೆಗೆ ಬಂದುಬಿಡುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಬಲೆಗೆ ಬೀಳುವ ಈ ಇನ್ನೊಂದು ಹಾಗಲ್ಲ. ತಲೆಯಿಂದ ಎಳೆದರೆ ಚೂರುಚೂರಾಗಿ ಹರಿಯುತ್ತದೆ, ಬಾಲದಿಂದಲೇ ಎಳೆಯಬೇಕು. ಜಲಜಳಿಗೆ ಇದನ್ನು ಕಲಿಸಿದ್ದು ಅವಳ ಅಮ್ಮ.

ಪಕ್ಕದಲ್ಲಿ ಮೀನು ಹೆಕ್ಕುತ್ತಿದ್ದ ಸುಂದರಿ ಕಿಸಕ್ಕನೆ ನಕ್ಕಳು. "ಜಲಜಕ್ಕ ಇನ್ ಕಾಲೇಜಿಗ್ ಪಾಠ ಮಾಡುಕ್ ಹೋತ್ರ್ ಕಾಣಿ."

ಸುತ್ತಲಿದ್ದವರೂ ನಕ್ಕರು. ಜಲಜಳಿಗೆ ಸಿಟ್ಟು ನೆತ್ತಿಗೇರಿತು. "ನನ್ ಮಾತ್ ಸುಳ್ಳಾರೆ ನಾನ್ ಈ ಕತ್ತಿ ಮುಟ್ಟುದಿಲ್ಲೆ," ಎಂದುಬಿಟ್ಟಳು. ಆಡಿದ ಮೇಲೆ ಹೊಳೆಯಿತು, ಕತ್ತಿ ಬಿಟ್ಟರೆ ಹೊಟ್ಟೆಗೇನು? ಅಮಿತಾ ಇನ್ನೊಂದು ಬಾಟಲಿ ತೆಗೆದು ಮೀನುಗಳನ್ನು ಬೇರೆ ಮಾಡಿಕೊಂಡು ಹೋದಳು.

ಹದಿನಾಲ್ಕು ತಿಂಗಳು ಸುದ್ದಿಯಿಲ್ಲ. "ಕತ್ತಿ ಇನ್ನೂ ಇತ್ತಾ?" ಎಂದು ಸುಂದರಿ ಬೆಳಗಾದರೆ ಕೆಣಕುತ್ತಿದ್ದಳು. ಜಲಜ ಹಲ್ಲು ಕಚ್ಚಿಕೊಂಡು ಮೀನು ಹೆಕ್ಕುತ್ತಿದ್ದಳು.

ಕೊನೆಗೂ ಅಮಿತಾಳ ಫೋನ್ ಬಂತು. "ನೀವು ಹೇಳಿದ್ದೇ ಸರಿ, ಜಲಜಕ್ಕ. ಮುಳ್ಳು, ಪೊರೆ ಎಲ್ಲ ಪರೀಕ್ಷೆ ಮಾಡಿದೆವು. ಇದಕ್ಕೆ ಜಗತ್ತಿನಲ್ಲಿ ಇನ್ನೂ ಯಾರೂ ಹೆಸರಿಟ್ಟಿಲ್ಲ. ನಿಮ್ಮ ಹೆಸರನ್ನೇ ಇಡೋಣ ಅಂತ. ಜಲಜ."

ಜಲಜಳಿಗೆ ಗೆದ್ದ ಖುಷಿಗೆ ಅಳುವೇ ಬಂತು.

"ಜಲಜ ಬ್ಯಾಡ ಮೇಡಂ. ನಂಗೆ ಕಲ್ಸಿದ್ದ್ ಅಮ್ಮ, ಅಮ್ಮಂಗೆ ಅವ್ರಮ್ಮ. ಖಾರ್ವಿ ಅಂತ್ಲೇ ಹಾಕಿ."

ಮೀನುಗಾರರ ಕುಲದ ಹೆಸರದು; ಮನೆ ತುಂಬ ಖಾರ್ವಿಗಳು ಮೊದಲೇ ಇದ್ದರು, ಕುಂದಾಪುರದಲ್ಲಿ ಖಾರ್ವಿಕೇರಿಯಿತ್ತು, ಈಗ ಜಗತ್ತಿನ ಮೀನುಗಳ ಪಟ್ಟಿಗೂ ಒಂದು ಖಾರ್ವಿ ಸೇರಿತು. ಹೊಸ ಹೆಸರು ಅಚ್ಚಾಗಿದ್ದ, ಅಮಿತಾ ಕಳಿಸಿದ ಹಾಳೆಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟುಕೊಂಡು ಜಲಜ ಬಂದರಿಗೆ ಹೋದಳು. ತಲೆ ಎತ್ತಿಕೊಂಡೇ ಹೋದಳು.

ಸುಂದರಿ ಹಾಳೆಯನ್ನು ನೋಡಲಿಲ್ಲ. ಆಗಷ್ಟೇ ಬಲೆಯಿಂದ ಬಂದ ಒಂದು ನಂಗನ್ನು ತಂದು ಜಲಜಳ ಮುಂದಿಟ್ಟಳು. ತಲೆಯ ಕಡೆ ಚರ್ಮ ಆಗಲೇ ಹರಿದುಹೋಗಿತ್ತು.

"ಬಾಲದಿಂದ ಹ್ಯಾಂಗೆ ಎಳುದ್? ಒಂಚೂರ್ ಕಲ್ಸಿ, ಜಲಜಕ್ಕ."

ಜಲಜ ತನ್ನ ಕತ್ತಿಯನ್ನು ಅವಳ ಕೈಗೆ ಕೊಟ್ಟಳು.