ಕಾಣೆಯಾದ ಎಂಟು ಹಾಳೆ

ಅವಳಿಗೆ ಮೊದಲು ಅನುಮಾನ ಹುಟ್ಟಿದ್ದು ಆ ಚೀಲದ ಮೇಲೆ. ಹಸ್ತಪ್ರತಿಗಳ ಪಟ್ಟಿ ತಯಾರಿಸಲು ಗ್ರಂಥಾಲಯಕ್ಕೆ ಹೊಸದಾಗಿ ಬಂದವನು, ಊಟದ ಒಂದು ಡಬ್ಬಿ ತರಲು ಅಷ್ಟು ದೊಡ್ಡ ಚೀಲ ಏಕೆ ಹೊರಬೇಕು? ಮೂಗಿನ ಮೇಲೊಂದು, ನೆತ್ತಿಯ ಮೇಲೊಂದು, ಕೊರಳಲ್ಲೊಂದು ಕನ್ನಡಕ ಇಟ್ಟುಕೊಂಡು ಓಡಾಡುತ್ತಿದ್ದ ಅವನಿಗೆ ಎಲ್ಲರೂ ಮುಕ್ಕಣ್ಣ ಎನ್ನುತ್ತಿದ್ದರು. ಅವಳನ್ನು ಅವನು ಬಾಯ್ತುಂಬ ಅಕ್ಕ ಎಂದು ಕರೆಯುತ್ತಿದ್ದ. ಅದೂ ಅವಳಿಗೆ ಸರಿಬರಲಿಲ್ಲ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿಲ್ಲ, ಆಗಲೇ ಅಕ್ಕನಂತೆ!

ಅವಳು ಅಲ್ಲಿ ಹಳೆಯ ಬೈಂಡಿಂಗ್ ದುರಸ್ತಿ ಮಾಡುವವಳು. ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ಅವಳಪ್ಪ ಮೂವತ್ತು ವರ್ಷ ಕುಳಿತಿದ್ದ. ಅವನ ಕೈಗುಣದ ಮಾತು ಗ್ರಂಥಾಲಯದಲ್ಲಿ ಇನ್ನೂ ನಿಂತಿಲ್ಲ. ‘ಅವರ ಮಗಳಲ್ವಾ’ ಎಂದು ಯಾರಾದರೂ ಅಂದರೆ ಸಾಕು, ಹೆಮ್ಮೆಯಿಂದ ಅವಳಿಗೆ ಆ ದಿನ ಹಸಿವೇ ಆಗುತ್ತಿರಲಿಲ್ಲ.

ಆ ವಾರ ಗಿಡಮೂಲಿಕೆಗಳ ಒಂದು ಗ್ರಂಥ ಮುಕ್ಕಣ್ಣನ ಬೀರುವಿನಿಂದ ಅವಳ ಮೇಜಿಗೆ ಬಂತು. ಚರ್ಮದ ರಟ್ಟು, ಅಂಚೆಲ್ಲ ಸವೆದಿತ್ತು. ಹಳೆಯ ಪಟ್ಟಿಯಲ್ಲಿ ನೂರಹನ್ನೆರಡು ಹಾಳೆ ಎಂದಿದೆ, ಅವಳು ಮೂರು ಸಲ ಎಣಿಸಿದರೂ ನೂರನಾಲ್ಕೇ. ಇಂಥ ಗ್ರಂಥಗಳಲ್ಲಿ ಎಂಟೆಂಟು ಹಾಳೆಗಳನ್ನು ಒಂದು ಮಡಿಕೆ ಮಾಡಿ, ಮಡಿಕೆಗಳನ್ನು ಸಾಲಾಗಿ ಹೊಲಿದಿರುತ್ತಾರೆ. ಅಂಥ ಒಂದು ಮಡಿಕೆ ಇಡಿಯಾಗಿ ಮಾಯವಾಗಿತ್ತು.

ಅವಳು ನೆಟ್ಟಗೆ ಮುಖ್ಯಸ್ಥರ ಕೋಣೆಗೆ ಹೋದಳು.

“ನಾನು ಯಾರ ಹೆಸರೂ ಹೇಳ್ತಿಲ್ಲ ಸಾರ್. ಬೀರುವಿನ ಬೀಗದ ಕೈ ಯಾರ ಹತ್ರ ಇದೆ, ಅಷ್ಟು ನೋಡಿ.”

ಹೆಸರು ಹೇಳದೆ ಹೆಸರು ಹೇಳುವುದು ಅಂದರೆ ಇದೇ. ಮುಖ್ಯಸ್ಥರು ಹಣೆ ಉಜ್ಜಿಕೊಂಡರು. “ನಾಳೆ ಹನ್ನೊಂದಕ್ಕೆ ಅವನನ್ನ ಕರೆಸ್ತೀನಿ. ನೀವು ಅಷ್ಟರಲ್ಲಿ ಗ್ರಂಥದ ಬೆನ್ನು ಬಿಚ್ಚಿ ನೋಡಿ. ಹಾಳೆ ಹಿಂದೆಯೇ ಹೋಗಿದ್ವು ಅಂತ ಗೊತ್ತಾಗದಿದ್ರೆ, ಅವನು ನಾಡಿದ್ದಿನಿಂದ ಬರೋದು ಬೇಡ.”

ಮಧ್ಯಾಹ್ನ ಅವಳು ಗ್ರಂಥದ ಬೆನ್ನಿನ ಚರ್ಮವನ್ನು ಚಪ್ಪಟೆ ಚೂರಿಯಿಂದ ಮೆಲ್ಲಗೆ ಎಬ್ಬಿಸಿದಳು. ಬೆನ್ನು ಗಟ್ಟಿಯಾಗಿರಲೆಂದು ಒಳಗೆ ರದ್ದಿ ಕಾಗದದ ಪಟ್ಟಿ ಅಂಟಿಸುವುದು ವಾಡಿಕೆ. ಈ ಪಟ್ಟಿಯ ಮೇಲೆ ನೀಲಿ ಗೆರೆ ಕಂಡಿತು. ನೀಲಿ ಗೆರೆ! ಅಂದರೆ ಶಾಲೆಯ ಕಾಪಿ ಪುಸ್ತಕದ ಕಾಗದ, ಈ ಕಾಲದ್ದು. ಸಿಕ್ಕಿಬಿದ್ದ ಎಂದು ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಒದ್ದೆ ಹತ್ತಿ ಇಟ್ಟು ಅಂಟು ನೆನೆಸಿ, ಪಟ್ಟಿಯನ್ನು ಬಿಡಿಸಿ ಮಗುಚಿದಳು.

‘ನಮ್ಮ ಬೆಕ್ಕಿಗೆ ಒಂದೇ ಕಿವಿ. ಅದು ನನ್ನ ಹತ್ತಿರ ಮಾತ್ರ ಮಲಗುತ್ತದೆ.’

ಒಂದು ಕಿವಿಯ ಬೆಕ್ಕು ಇದ್ದದ್ದು ಅವಳ ಮನೆಯಲ್ಲಿ. ಗುಂಡಗುಂಡಗಿನ ಆ ಅಕ್ಷರವೂ ಅವಳದೇ. ಮೂರನೇ ಕ್ಲಾಸಿನಲ್ಲಿ ಆ ಕಾಪಿ ಪುಸ್ತಕ ಕಳೆದುಹೋಗಿ ಅವಳು ಒಂದಿಡೀ ಪಿರಿಯಡ್ ಬೆಂಚಿನ ಮೇಲೆ ನಿಂತಿದ್ದಳು. ‘ಇಲಿ ಎಳ್ಕೊಂಡು ಹೋಗಿರ್ಬೇಕು’ ಎಂದಿದ್ದ ಅಪ್ಪ.

ಮನೆಗೆ ಬಂದಾಗ ಅಪ್ಪ ಕಿಟಕಿಯ ಪಕ್ಕ ಕುಳಿತು ಬಟಾಣಿ ಬಿಡಿಸುತ್ತಿದ್ದ. ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿತ್ತು. ಅವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಅಪ್ಪ, ಆ ಎಂಟು ಹಾಳೆ ಯಾರಿಗೆ ಮಾರಿದೆ?”

ಪಟ್ಟಿಯನ್ನು ಅವನ ಕೈಯಲ್ಲಿಟ್ಟಳು. ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ. ಒಣಗಿದ ಅಂಟು ತಗುಲಿದ್ದೇ ಅವನಿಗೆ ಎಲ್ಲ ಗೊತ್ತಾಯಿತು.

“ಮಾರ್ಲಿಲ್ಲ ಪುಟ್ಟಿ. ತೊಳೆದುಬಿಟ್ಟೆ.”

“ಏನು?”

“ಕೊಳೆ ಹೋಗ್ಲಿ ಅಂತ ನೀರಿಗೆ ಬಿಟ್ಟೆ. ಮೊದಲನೇ ಹಾಳೇಲಿ ಶಾಯಿ ಪರೀಕ್ಷೆ ಮಾಡಿದ್ದೆ, ಗಟ್ಟಿಯಾಗಿತ್ತು. ಆ ಒಂದು ಮಡಿಕೆ ಮಾತ್ರ ಇನ್ಯಾರೋ ಬೇರೆ ಶಾಯೀಲಿ ಬರೆದಿದ್ರು. ಅದನ್ನ ನಾನು ನೋಡ್ಲಿಲ್ಲ. ತಿರುಗಿ ನೋಡೋಷ್ಟರಲ್ಲಿ ನೀರು ಕಪ್ಪು, ಹಾಳೆ ಬಿಳಿ.”

“ಯಾರಿಗೂ ಹೇಳ್ಲಿಲ್ಲ?”

“ಎಲ್ರೂ ಹೊಗಳ್ತಿದ್ರಲ್ಲ. ಬಾಯಿ ಬರ್ಲಿಲ್ಲ. ಉಳಿದಿದ್ದನ್ನ ಮನೆಗೆ ತಂದು ಹೊಲಿದೆ, ಬೆನ್ನಿಗೆ ಅಂಟಿಸೋಕೆ ಕೈಗೆ ಸಿಕ್ಕಿದ್ದು ನಿನ್ನ ಕಾಪಿ.”

“ಮತ್ತೆ ಆ ಬಿಳಿ ಹಾಳೆ?”

“ಅಂಥ ಕಾಗದ ಬಿಸಾಡೋಕೆ ಮನಸ್ಸಾಗ್ಲಿಲ್ಲ,” ಎಂದು ಅಪ್ಪ ಅವಳ ಕೋಣೆಯ ಕಡೆ ಮುಖ ತಿರುಗಿಸಿದ.

ಅವಳಿಗೆ ಮುಂದೆ ಹೇಳಬೇಕಾಗಿರಲಿಲ್ಲ. ಕಾಪಿ ಕಳೆದು ಅತ್ತಿದ್ದಾಗ ಅಪ್ಪ ಅವಳಿಗೊಂದು ಪುಟ್ಟ ಪುಸ್ತಕ ಹೊಲಿದುಕೊಟ್ಟಿದ್ದ. ದಪ್ಪನೆಯ, ಬೆಣ್ಣೆಬಣ್ಣದ ಎಂಟು ಹಾಳೆ. ಪ್ರತಿ ಹಾಳೆಯಲ್ಲೂ ಅವಳು ಒಂದು ಕಿವಿಯ ಬೆಕ್ಕನ್ನು ಬಿಡಿಸಿದ್ದಳು. ಈ ಕಸುಬಿಗೆ ಯಾಕೆ ಬಂದೆ ಎಂದು ಯಾರು ಕೇಳಿದರೂ ಅವಳು ತೆಗೆದು ತೋರಿಸುತ್ತಿದ್ದದ್ದು ಅದೇ ಪುಸ್ತಕವನ್ನು.

ಬೆಳಿಗ್ಗೆ ಒಂಬತ್ತಕ್ಕೇ ಕೋಣೆಗೆ ಬಂದು ಅಂಟು ಕಲಸಿದಳು. ಪಟ್ಟಿಯನ್ನು ಮೊದಲಿದ್ದ ಹಾಗೇ ಅಂಟಿಸಿ, ಚರ್ಮ ಮುಚ್ಚಿ, ಏನೂ ಗೊತ್ತಾಗಲಿಲ್ಲ ಎಂದರೆ ಮುಗಿಯಿತು. ಅಪ್ಪನ ಹೆಸರು ಉಳಿಯುತ್ತದೆ. ಬೀಗದ ಕೈ ಇದ್ದವನು ಮಾತ್ರ ಹೋಗುತ್ತಾನೆ. ನಾಚಿಕೆಯ ಮಾತು, ಆದರೆ ಅವಳು ಕುಂಚವನ್ನು ಅದ್ದಿಯೂ ಆಗಿತ್ತು.

ಅಷ್ಟರಲ್ಲಿ ಮುಕ್ಕಣ್ಣ ಬಾಗಿಲಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು. “ಅಕ್ಕ, ಸಾರ್ ಯಾಕೋ ಕರೆದಿದ್ದಾರೆ. ಯಾರೋ ಏನೋ ಹೇಳಿದ್ದಾರಂತೆ. ನೀವು ಸ್ವಲ್ಪ ನನ್ನ ಪರವಾಗಿ ಮಾತಾಡ್ತೀರಾ?”

ಅವಳು ಕುಂಚ ಕೆಳಗಿಟ್ಟಳು.

ಹನ್ನೊಂದಕ್ಕೆ ಮುಖ್ಯಸ್ಥರ ಮೇಜಿನ ಮೇಲೆ, ಮನೆಗೆ ಹೋಗಿ ತಂದ ಬೆಕ್ಕಿನ ಪುಸ್ತಕದ ದಾರ ಕತ್ತರಿಸಿ, ಹಾಳೆಗಳ ಮಡಿಕೆಯನ್ನು ಗ್ರಂಥದ ಮಡಿಕೆಗಳ ಪಕ್ಕ ಇಟ್ಟಳು. ಸೂಜಿಯ ಐದು ತೂತು ಇಲ್ಲಿ, ಐದು ಅಲ್ಲಿ. ಕೂದಲೆಳೆಯಷ್ಟೂ ಅತ್ತಿತ್ತ ಇರಲಿಲ್ಲ.

“ಯಾರೂ ಕದ್ದಿಲ್ಲ ಸಾರ್. ಅಕ್ಷರ ತೊಳೆದಿದ್ದು ನಮ್ಮಪ್ಪ. ಬೆಕ್ಕು ಬರೆದಿದ್ದು ನಾನು.” ಮುಕ್ಕಣ್ಣನ ಕಡೆ ತಿರುಗಿದಳು. “ನಿಮ್ಮ ಮೇಲೆ ಹೇಳಿದ್ದೂ ನಾನೇ.”

ಮುಕ್ಕಣ್ಣ ಕೊರಳಿನ ಕನ್ನಡಕವನ್ನು ಮೂಗಿಗೇರಿಸಿ ಬೆಕ್ಕನ್ನೇ ಬಹಳ ಹೊತ್ತು ನೋಡಿದ. “ವಾಲಿಸಿ ಬೆಳಕು ಹಿಡಿದ್ರೆ ಒಂದೆರಡು ಅಕ್ಷರ ಇನ್ನೂ ಓದ್ಬಹುದು ಸಾರ್,” ಎಂದು ಮುಖ್ಯಸ್ಥರಿಗೆ ಹೇಳಿದ.

ಸಂಜೆ ಹೊರಡುವ ಮುಂಚೆ ಅವನು ಅವಳ ಕೋಣೆಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟು ಬಾಯಿ ಬಿಚ್ಚಿದ. ಒಳಗೆ ಊಟದ ಡಬ್ಬಿ, ಕೊಡೆ, ಬೆನ್ನುನೋವಿಗೆ ಕುರ್ಚಿಗೆ ಒತ್ತುಕೊಡುವ ಒಂದು ದಿಂಬು.

“ನೋಡ್ಕೊಳ್ಳಿ ಮೇಡಂ,” ಎಂದ.

ಮರುದಿನ ಸಂಜೆಯೂ ಬಂದು ಚೀಲ ಬಿಚ್ಚಿದ. ಅದರ ಮರುದಿನವೂ.